ಕಿಟ್ ಹಾಕ್ಸೋದಾ, ಹೊಸ ಪಂಪಾ? (ಭಾಗ 7)

ಕಾಲುವೆಗೆ ನೀರು ಬಿಟ್ಟ ಮೇಲೆ ಕೌಲ್ ಬಜಾರ್‌ನ ಗ್ಯಾರೇಜ್‌ಗಳ ಮುಂದೆ ನಿಂತ್ರೆ ಸಾಕು, ಇದೇ ವಾದ ಕಿವಿಗೆ ಬೀಳ್ತೈತಿ. ಟ್ರ್ಯಾಕ್ಟರಿನ ವಾಟರ್ ಪಂಪ್ ಸೋರ್ತೈತಿ, ಕಿಟ್ ಹಾಕಿ ರಿಪೇರಿ ಮಾಡ್ಸಬೇಕೋ, ಪೂರ್ತಿ ಹೊಸದೇ ಹಾಕ್ಸಬೇಕೋ? "ಹಳೇ ಬೀಡಿನ ಬಾಡಿನೇ ಗಟ್ಟಿ" ಅನ್ನೋರು ಒಂದು ಪಾರ್ಟಿ, "ರಿಪೇರಿ ಅಂದ್ರೆ ತಲೆನೋವು" ಅನ್ನೋರು ಇನ್ನೊಂದು. ನಾನು ಎರಡರಲ್ಲೂ ಇಲ್ಲ. ಮೊದಲು ಕೇಳಬೇಕಾದ್ದು ಪಂಪಿನ ರೇಟ್ ಅಲ್ಲ, ಈಗ ಯಾವ ತಿಂಗಳು ಅನ್ನೋದು.

ಫೋಟೋ ಸ್ವೈಪ್ ಮಾಡಿ ನೋಡ್ರಿ. ಪಂಪಿನ ಅಡಿಗೆ ಒಂದು ಸಣ್ಣ ತೂತು ಐತಿ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗ್‌ಗೆ ಹೋಗದೆ ಹೊರಗೆ ಬೀಳಲಿ ಅಂತಾನೇ ಅದನ್ನ ಇಟ್ಟಿರ್ತಾರೆ. ಅಲ್ಲಿಂದ ಹನಿ ಬಿದ್ರೆ ಪಂಪ್ ನಿಮಗೆ ಮುಂಚೇನೇ ಹೇಳ್ತೈತಿ ಅಂತ ಅರ್ಥ. ನಮ್ಮೋರು ಏನ್ ಮಾಡ್ತಾರೆ? ಎಂ-ಸೀಲ್ ಮೆತ್ತಿ ಬಾಯಿ ಮುಚ್ಚಿಸ್ತಾರೆ! ಆಮೇಲೆ ನೀರು ಬೇರಿಂಗ್ ಗ್ರೀಸ್ ತೊಳೀತೈತಿ, ಶಾಫ್ಟ್ ಅಲ್ಲಾಡ್ತೈತಿ. ಬಹಳ ಟ್ರ್ಯಾಕ್ಟರ್‌ಗಳಲ್ಲಿ ಫ್ಯಾನ್ ಇರೋದು ಅದೇ ಶಾಫ್ಟ್ ಮೇಲೆ. ಅದು ಹೋಗಿ ರೇಡಿಯೇಟರ್‌ಗೆ ಬಡಿದ್ರೆ ಲೆಕ್ಕವೇ ಬೇರೆ.

"ಚಾಚಾ, ಸೀಲ್ ಒಂದೇ ಹಾಕಿ ಕೊಡ್ರಿ" ಅನ್ನೋದನ್ನೂ ನಾನು ಒಪ್ಪಲ್ಲ. ಪಂಪ್ ಬಿಚ್ಚಿದ ಮೇಲೆ ಸೀಲ್, ಬೇರಿಂಗ್, ಗ್ಯಾಸ್ಕೆಟ್ ಮೂರೂ ಹೋಗಲಿ. ಇಂಪೆಲ್ಲರ್ ರೆಕ್ಕೆ ತುಕ್ಕು ತಿಂದಿದ್ರೆ, ಬೇರಿಂಗ್ ಕೂರೋ ಜಾಗ ಸಡಿಲ ಆಗಿದ್ರೆ ಕಿಟ್ ದಂಡ. ಇನ್ನೊಂದು ಮಾತು: ಸುತ್ತಿಗೆಯಿಂದ ಬಡಿದು ಬೇರಿಂಗ್ ಕೂರಿಸೋ ಕಡೆ ಕೊಡಬೇಡ್ರಿ, ಪ್ರೆಸ್ ಇರೋ ಕಡೆ ಕೊಡ್ರಿ. ಇಂಪೆಲ್ಲರ್ ಸ್ವಲ್ಪ ಒಳಗೆ ಹೋದ್ರೆ ಬಾಡಿಗೆ ಉಜ್ಜುತೈತಿ, ಹೊರಗೆ ಉಳಿದ್ರೆ ನೀರು ತಳ್ಳೋದೇ ಇಲ್ಲ. ಕೈ ಪಳಗಿದ ಮಿಸ್ತ್ರಿಗೆ ಇದು ಗೊತ್ತು, ಆದ್ರೆ ಅವರಿಗೆ ಟೈಮ್ ಬೇಕು.

ಆ ಟೈಮೇ ಸಿರುಗುಪ್ಪ, ಕುರುಗೋಡು ಕಡೆ ರೈತರ ಹತ್ರ ಆಗ ಇರಲ್ಲ. ಕೇಜ್ ವೀಲ್ ಹಾಕಿ ಕೆಸರಲ್ಲಿ ಹೊಡೆಯೋವಾಗ ಎಂಜಿನ್ ಮೇಲೆ ಪೂರ್ತಿ ಲೋಡ್. ನಾಟಿಗೆ ಆಳು ಹೇಳಿ ಆಗಿರ್ತೈತಿ, ಸಸಿ ಬಲಿತಿರ್ತೈತಿ. ಎರಡು ದಿನ ಗಾಡಿ ನಿಂತ್ರೆ ಕಿಟ್‌ನಲ್ಲಿ ಉಳಿದ ದುಡ್ಡು ಬಾಡಿಗೆ ಟ್ರ್ಯಾಕ್ಟರ್‌ಗೇ ಹೋಗ್ತೈತಿ. ಹಂಗಾಗಿ ಸೀಸನ್‌ನಲ್ಲಿ ಹೊಸ ಪಂಪ್ ಹಾಕ್ರಿ, ಕಂಪನಿದೇ ಹಾಕ್ರಿ. ಆದ್ರೆ ಹಳೇದನ್ನ ಗುಜರಿಗೆ ಕೊಡಬೇಡ್ರಿ. ಬಾಡಿ ಚೆನ್ನಾಗಿದ್ರೆ ಬೇಸಿಗೆಯಲ್ಲಿ, ಗ್ಯಾರೇಜ್ ಖಾಲಿ ಇದ್ದಾಗ, ಪದ್ಧತಿ ಪ್ರಕಾರ ಕಿಟ್ ಹಾಕಿಸಿ ಮನೇಲಿ ಇಟ್ಕೊಳ್ರಿ. ಮುಂದಿನ ಸಲ ಅದೇ ಸ್ಪೇರ್.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿ ಹೋಯ್ತಲ್ಲ, ಆಗ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ಮೊದಲು ನೀರು ಉಳಿಸಿದ್ರು. ಶಾಶ್ವತ ಗೇಟಿನ ಕೆಲಸ ಆಮೇಲೆ. ಅದು ಎಂ-ಸೀಲ್ ಮೆತ್ತಿದ ಹಂಗೆ ಅಲ್ಲ ಮತ್ತೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ್ರಿ.

ಪಂಪ್ ಯಾಕೆ ಇಷ್ಟು ಬೇಗ ಹೋಗ್ತೈತಿ ಅಂದ್ರೆ ಅರ್ಧ ತಪ್ಪು ಬೋರ್ ನೀರಿಂದು. ನಮ್ಮ ಗಡಸು ನೀರು ಕುದ್ದು ಕುದ್ದು ಬಿಳಿ ಪದರ ಕಟ್ತೈತಿ, ಅದು ಸೀಲ್ ಮುಖಾನ ಗೀರ್ತೈತಿ. ಕೂಲೆಂಟ್ ಚಳಿ ದೇಶದೋರಿಗೆ ಅಂತ ನಗ್ತಾರೆ. ಅದು ಕುದಿಯೋ ಬಿಂದುವನ್ನೂ ಏರಿಸ್ತೈತಿ, ತುಕ್ಕನ್ನೂ ತಡೀತೈತಿ. 40 ಡಿಗ್ರಿ ದಾಟೋ ಬಳ್ಳಾರಿಗೆ ಇನ್ನೇನು ಬೇಕು? ಉಳಿದರ್ಧ ಬೆಲ್ಟ್‌ದು: ವೀಣೆ ತಂತಿ ತರ ಬಿಗಿದ್ರೆ ಬೇರಿಂಗ್ ಉಳಿಯಲ್ಲ. ಹೆಬ್ಬೆರಳಿಂದ ಒತ್ತಿದ್ರೆ ಸುಮಾರು ಅರ್ಧ ಇಂಚು ಬಗ್ಗಬೇಕು.

ಮುಂದಿನ ಭಾಗ ಥರ್ಮೋಸ್ಟಾಟ್ ಬಗ್ಗೆ. ಅದನ್ನ ಕಿತ್ತು ಬಿಸಾಕಿದ್ರೆ ಎಂಜಿನ್ ತಣ್ಣಗಿರ್ತೈತಿ ಅನ್ನೋರು ಕಾಮೆಂಟ್‌ಗೆ ರೆಡಿ ಇರ್ರಿ.

#ಕೌಲ್‌ಬಜಾರ್ #ಬಳ್ಳಾರಿ #ಟ್ರ್ಯಾಕ್ಟರ್