ಅನುವಂಶಶಾಸ್ತ್ರದ ಪಾಠವೂ ನಮ್ಮ ಹೆಣ್ಣುಮಕ್ಕಳೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಿಂದಲೂ ಒಂದು ಲೇಖನ ಬರತಕ್ಕದ್ದೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿರುತ್ತಾರೆ. ಶಿಸ್ತು, ಸ್ವಚ್ಛತೆ, ಸಮಯಪಾಲನೆ ಇವುಗಳ ವಿಷಯವಾಗಿ ನಮ್ಮ ವಾಚಕರು ನನ್ನ ಬಾಯಿಂದ ಬೇಸರ ಬರುವಷ್ಟು ಕೇಳಿದ್ದಾರೆ. ಆದ್ದರಿಂದ ಈ ಸಾರಿ ಅದನ್ನೆಲ್ಲ ಬಿಟ್ಟು, ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಬರುವ ಒಂದೇ ಒಂದು ಪಾಠವನ್ನು ಕುರಿತು ಬರೆಯಬೇಕೆಂದು ಮನಸ್ಸು ಮಾಡಿದ್ದೇನೆ. ಅದು ಅನುವಂಶೀಯತೆಯ ಪಾಠ, ಅಂದರೆ ತಂದೆತಾಯಿಗಳ ಗುಣಗಳು ಮಕ್ಕಳಿಗೆ ಯಾವ ಕ್ರಮದಿಂದ ಇಳಿದು ಬರುತ್ತವೆ ಎಂಬದರ ಪಾಠ.

ಇದನ್ನು ಬರೆಯಲಿಕ್ಕೆ ಕಾರಣವೊಂದುಂಟು. ಹಿಂದೊಮ್ಮೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗುವಿನ ಲಿಂಗವು ನಿರ್ಧಾರವಾಗುವ ಬಗೆಯನ್ನು ಚಿತ್ರಸಹಿತ ವಿವರಿಸಿರೆಂಬ ಪ್ರಶ್ನೆಯನ್ನು ಕೊಟ್ಟಿದ್ದೆವು. ಒಬ್ಬ ಹುಡುಗಿ ಒಂದಕ್ಷರವೂ ತಪ್ಪದಂತೆ ಉತ್ತರ ಬರೆದು ಪೂರ್ಣ ಅಂಕ ಪಡೆದಳು. ಉತ್ತರಪತ್ರಿಕೆ ಕೈಗೆ ಬಂದ ಮರುದಿವಸ ಅವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕೋರ, ಇದು ಬರೇ ಪುಸ್ತಕದಾಗಿನ ಮಾತೋ, ಮನಿ ಮಂದಿಗೂ ಹತ್ತತೈತೋ?" ಎಂದು ಕೇಳಿದಳು. ಯಾಕೆ ಮಗಳೇ ಎಂದೆನು. "ನಮ್ಮವ್ವ ನಾಲ್ಕೂ ಹೆಣ್ಣ ಹಡದಾಳಂತ ನಮ್ಮ ಆಯಿ ದಿನಾ ಬೈತಾಳ್ರಿ" ಎಂದು ತಲೆ ತಗ್ಗಿಸಿದಳು.

ಪೂರ್ಣ ಅಂಕ ಕೊಟ್ಟ ನಮಗೆ ಆಗ ನಾಚಿಕೆಯಾಗಬೇಕಾಗಿತ್ತು, ಆಯಿತು ಸಹ. ಹುಡುಗಿಯಲ್ಲಿ ತಪ್ಪೇನೂ ಇರಲಿಲ್ಲ. ಪಾಠವನ್ನು ಬಟಾಣಿಯ ಗಿಡದಲ್ಲಿ ಆರಂಭಿಸಿ ಬಟಾಣಿಯ ಗಿಡದಲ್ಲಿಯೇ ಮುಗಿಸಿದವರು ನಾವು. ಈ ಸೀಮೆಯ ಹೆಣ್ಣುಮಕ್ಕಳಿಗೆ ಅನುವಂಶಶಾಸ್ತ್ರವನ್ನು ಅವರ ಹೊಲದಿಂದಲೂ ಅವರ ಮನೆಯಿಂದಲೂ ಆರಂಭಿಸಿ ಕಲಿಸತಕ್ಕದ್ದೆಂಬದೂ, ಅದರ ಶಬ್ದಗಳನ್ನು ತೂಗಿ ಆಡತಕ್ಕದ್ದೆಂಬದೂ ನನ್ನ ಅಭಿಪ್ರಾಯ.

ಹೊಲದ ಮಾತು ಮೊದಲು. ಬೈಲಹೊಂಗಲವು ಎರೆಭೂಮಿಯ ಊರು, ಹತ್ತಿಯ ಪೇಟೆಯೆಂದು ಹೆಸರಾದ ಊರು. ಇಲ್ಲಿಂದ ದೂರವಲ್ಲದ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ಸಂಕರಣ ತಳಿಯನ್ನು 1972ರಲ್ಲಿ ರೈತರಿಗೆ ಕೊಟ್ಟರು. 1981ರಲ್ಲಿ ಅಲ್ಲಿಂದಲೇ ಡಿ.ಸಿ.ಎಚ್. 32 ಅಥವಾ 'ಜಯಲಕ್ಷ್ಮಿ' ಹೊರಬಂತು. ಅದರ ಎಳೆಯ ಉದ್ದವನ್ನೂ ನಯವನ್ನೂ ಹತ್ತಿಯ ವ್ಯಾಪಾರಸ್ಥರು ಈಗಲೂ ಹೊಗಳುತ್ತಾರೆ. ಇಂಥ ಸಂಕರಣ ಬೀಜವು ತಾನಾಗಿ ಆಗುವಂಥದಲ್ಲ. ಮರುದಿನ ಅರಳಬೇಕಾದ ಮೊಗ್ಗನ್ನು ಮಧ್ಯಾಹ್ನದ ಮೇಲೆ ಬಿಡಿಸಿ, ಅದರೊಳಗಿನ ಗಂಡು ಕೇಸರಗಳನ್ನು ಒಂದೂ ಉಳಿಯದಂತೆ ಉಗುರಿನಿಂದ ತೆಗೆದು, ಗುರುತು ಕಟ್ಟಿ, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಉತ್ತರ ಕರ್ನಾಟಕದ ಬೀಜೋತ್ಪಾದನೆಯ ಹೊಲಗಳಲ್ಲಿ ಈ ಸೂಕ್ಷ್ಮ ಕೆಲಸವನ್ನು ಮಾಡುತ್ತ ಬಂದವರು ಬಹುತರವಾಗಿ ಹೆಂಗಸರು. ಶಾಲೆಯಲ್ಲಿರಬೇಕಾದ ಎಳೆಯ ಹುಡುಗಿಯರನ್ನು ಸಹ ಈ ಕೆಲಸಕ್ಕೆ ಹಚ್ಚಿದ ದುಃಖದ ಸಂಗತಿಯೂ ಅದರಲ್ಲುಂಟು. ಅದನ್ನು ಬರೆಯಹೋದರೆ ಬೇರೆ ಲೇಖನವೇ ಆದೀತು.

ಈ ಸಂಕರಣದ ಬೀಜವನ್ನು ಬಿತ್ತಿದ ಹೊಲದಲ್ಲಿ ಗಿಡಗಳೆಲ್ಲ ಒಂದೇ ಪ್ರಕಾರ ಬೆಳೆಯುತ್ತವೆ. ಆ ಬೆಳೆಯ ಬೀಜವನ್ನೇ ತೆಗೆದಿಟ್ಟು ಬರುವ ವರುಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ಎಳೆ ಉದ್ದ, ಒಂದರದು ಮೋಟು. ಇದು ನಮ್ಮ ವಿದ್ಯಾರ್ಥಿನಿಯರ ತಂದೆಗಳಿಗೆಲ್ಲ ಗೊತ್ತು. ಗುಣಗಳು ಒಂದರೊಳಗೊಂದು ಕರಗಿ ಹೋಗುವದಿಲ್ಲ, ಒಂದು ತಲೆಮಾರಿನಲ್ಲಿ ಕೂಡಿದವು ಮುಂದಿನ ತಲೆಮಾರಿನಲ್ಲಿ ಮರಳಿ ಬೇರ್ಪಡುತ್ತವೆ ಎಂಬ ತತ್ವವು ಇದೇ ಆಗಿದೆ. ಇದಕ್ಕೆ ಪುಸ್ತಕದಲ್ಲಿ ಪೃಥಕ್ಕರಣ ನಿಯಮವೆಂಬ ಭಾರವಾದ ಹೆಸರಿದೆ. ಪಾಠವನ್ನು ಇಲ್ಲಿಂದ ಆರಂಭಿಸಿದರೆ ಆ ಹೆಸರು ಹುಡುಗಿಯರಿಗೆ ಭಾರವಾಗಲಿಕ್ಕಿಲ್ಲ.

ಈ ನಿಯಮವನ್ನು ಮೊದಲು ಕಂಡುಹಿಡಿದ ಗ್ರೆಗೋರ್ ಮೆಂಡಲನು ಅಗಸ್ತೀನ ಮಠದ ಸನ್ಯಾಸಿಯಾಗಿದ್ದನು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 1850ರಲ್ಲಿ ಅವನು ಅನುತ್ತೀರ್ಣನಾದನೆಂಬದನ್ನು ನಮ್ಮ ಹುಡುಗಿಯರಿಗೆ ನಾನು ಅಗತ್ಯವಾಗಿ ಹೇಳುತ್ತೇನೆ. ಇಂದಿನ ಚೆಕ್ ದೇಶದ ಬರ್ನೋ ಪಟ್ಟಣದಲ್ಲಿ, ಮಠದ ತೋಟದೊಳಗೆ ಅವನು 1856ರಿಂದ 1863ರ ವರೆಗೆ ಬಟಾಣಿಯ ಗಿಡಗಳನ್ನು ಬೆಳೆಸಿ ಎಣಿಸಿದನು. ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು, ಸುಕ್ಕು ಇಲ್ಲವಾಯಿತು. ಆದರೆ ಎರಡನೆಯ ಪೀಳಿಗೆಯ 7324 ಕಾಳುಗಳಲ್ಲಿ 5474 ದುಂಡಾಗಿಯೂ 1850 ಸುಕ್ಕಾಗಿಯೂ ಬಂದವು, ಅಂದರೆ ಮೂರಕ್ಕೆ ಒಂದರಂತೆ. ಸುಕ್ಕು ಎಲ್ಲಿಯೂ ಹೋಗಿರಲಿಲ್ಲ, ದುಂಡಿನ ಹಿಂದೆ ಅಡಗಿಕೊಂಡಿತ್ತು. ಪ್ರತಿಯೊಂದು ಗುಣಕ್ಕೆ ಎರಡು ಅಂಶಗಳು, ತಂದೆಯಿಂದೊಂದು ತಾಯಿಯಿಂದೊಂದು, ಎಂದು ಅವನು ಊಹಿಸಿದನು. ಈ ಅಂಶಕ್ಕೆ ಜೀನು ಎಂಬ ಹೆಸರನ್ನು ಡೆನ್ಮಾರ್ಕಿನ ಯೋಹಾನ್ಸೆನ್ನನು ಇಟ್ಟದ್ದು 1909ರಲ್ಲಿ. ಮೆಂಡಲನ ಪ್ರಬಂಧ 1866ರಲ್ಲಿ ಅಚ್ಚಾದರೂ ಜಗತ್ತು ಅದನ್ನು ಓದಿ ತಿಳಿದದ್ದು 1900ರಲ್ಲಿ, ಅವನು ತೀರಿಕೊಂಡು ಹದಿನಾರು ವರುಷಗಳಾದ ಮೇಲೆ.

ವಾರಸು ಎಂದ ಕೂಡಲೆ ನಮ್ಮ ಭಾಗದವರಿಗೆ ಕಿತ್ತೂರು ನೆನಪಾಗುವದು. ದತ್ತಕಪುತ್ರನ ಹಕ್ಕಿಗಾಗಿ 1824ರಲ್ಲಿ ಕುಂಪಣಿಯವರನ್ನು ಎದುರಿಸಿದ ರಾಣಿ ಚನ್ನಮ್ಮನ ಸಮಾಧಿ ನಮ್ಮ ಊರಿನಲ್ಲಿಯೇ ಇದೆ. ದೊರೆತನದ ವಾರಸು ದತ್ತಕದಿಂದ ಬಂದೀತು, ಹೊಲಮನೆಗಳ ವಾರಸು ಕಾಗದದಿಂದ ಬಂದೀತು. ಈ ಪಾಠದಲ್ಲಿರುವ ವಾರಸು ಯಾವ ಕಾಗದದಿಂದಲೂ ಬರುವಂಥದಲ್ಲ, ಯಾರ ಇಚ್ಛೆಯಿಂದಲೂ ತಪ್ಪುವಂಥದಲ್ಲ.

ಇನ್ನು ಶಬ್ದಗಳ ವಿಷಯ. ಮೊದಲ ಪೀಳಿಗೆಯಲ್ಲಿ ಕಾಣುವ ಗುಣವನ್ನು 'ಪ್ರಬಲ' ಎಂದೂ ಅಡಗಿರುವ ಗುಣವನ್ನು 'ದುರ್ಬಲ' ಎಂದೂ ಕನ್ನಡದಲ್ಲಿ ಹೇಳುವ ರೂಢಿಯಾಗಿದೆ. ನನಗೆ ಈ ಎರಡನೆಯ ಶಬ್ದವು ಸರಿಬೀಳುವದಿಲ್ಲ. ದುರ್ಬಲವೆಂದರೆ ಹುಡುಗಿಯರು ಅಶಕ್ತವೆಂದೂ ಕೆಟ್ಟದ್ದೆಂದೂ ತಿಳಿದುಕೊಳ್ಳುತ್ತಾರೆ, ಪ್ರಬಲವೆಂದರೆ ಒಳ್ಳೆಯದೆಂದೂ ಬಹುಜನರಲ್ಲಿ ಇರತಕ್ಕದ್ದೆಂದೂ ಎಣಿಸುತ್ತಾರೆ. ಎರಡೂ ತಪ್ಪು. ಓ ರಕ್ತದ ಗುಂಪು ಅಡಗುವ ಗುಣವೇ ಆಗಿದೆ. ಅದುಳ್ಳವರಲ್ಲಿ ಯಾವ ಅಶಕ್ತತೆಯನ್ನೂ ನಾನು ಕಂಡಿಲ್ಲ, ನಾನೂ ಅವರಲ್ಲೊಬ್ಬಳು. ಇತ್ತ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರಿನಿಂದ ಕರೆಯಲ್ಪಡುವ ಒಂದು ರೋಗವುಂಟು. 1970ರ ದಶಕದ ನಡುವೆ ಅದು ಬೆಳಕಿಗೆ ಬಂತು. ಸೊಂಟ ಮೊಣಕಾಲುಗಳ ಕೀಲುಗಳು ಸವೆದು ಮನುಷ್ಯರು ನಡೆಯಲಾರದಂತಾಗುತ್ತಾರೆ. ಮೊದಲು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ ಸಂಶಯಪಟ್ಟರು. ಶೋಧಿಸಿದಾಗ ಅದು ತಂದೆಯಿಂದಾಗಲಿ ತಾಯಿಯಿಂದಾಗಲಿ ಒಂದೇ ಜೀನು ಬಂದರೂ ಸಾಕು ಕಾಣಿಸಿಕೊಳ್ಳುವ 'ಪ್ರಬಲ' ಗುಣವೆಂದು ತಿಳಿಯಿತು. ಹೀಗಿರಲು ಪ್ರಬಲವು ಉತ್ತಮವೆಂದು ಹೇಗೆ ಹೇಳಲಿ? ಆದ್ದರಿಂದ ನಮ್ಮ ತರಗತಿಯಲ್ಲಿ ನಾವು 'ತೋರುವ ಗುಣ', 'ಅಡಗುವ ಗುಣ' ಎಂದೇ ಕಲಿಸುತ್ತೇವೆ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಶಬ್ದ ಬರೆಯಿರೆಂದು ಹೇಳಿಕೊಡುವದು ಅನಿವಾರ್ಯವಾಗಿದೆ.

ಅಡಗುವ ಗುಣವೆಂಬದನ್ನು ಚೆನ್ನಾಗಿ ತಿಳಿದ ಹುಡುಗಿಗೆ ಇನ್ನೊಂದು ವಿಷಯವು ತಾನಾಗಿ ತಿಳಿಯುವದು. ಅದು ನಮ್ಮ ಮನೆತನಗಳ ಲಗ್ನದ ವಿಷಯ. ದೇಶದಲ್ಲಿ ರಕ್ತಸಂಬಂಧದೊಳಗೆ ಲಗ್ನಗಳು ಹೆಚ್ಚಾಗಿ ನಡೆಯುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಕ್ಕನ ಮಗಳನ್ನು ಸೋದರಮಾವನು ತರುವದೂ ಅತ್ತೆಯ ಮಗನಿಗೆ ಕೊಡುವದೂ ಇಲ್ಲಿ ಪ್ರೀತಿಯ ಸಂಪ್ರದಾಯ. ಕಿವಿ ಕೇಳದೆ ಹುಟ್ಟುವದರಲ್ಲಿ ಕೆಲವು ಬಗೆ, ತಿಂಗಳು ತಿಂಗಳು ರಕ್ತ ಕೊಡಿಸಬೇಕಾದ ಥಲಸ್ಸೇಮಿಯಾ, ಇಂಥವು ಅಡಗುವ ಗುಣದಿಂದ ಬರುತ್ತವೆ. ಒಂದೇ ಜೀನು ಇದ್ದವರು ಆರೋಗ್ಯವಂತರಾಗಿಯೇ ಇರುತ್ತಾರೆ, ಇವರಿಗೆ ವಾಹಕರೆನ್ನುತ್ತೇವೆ. ಇಬ್ಬರು ವಾಹಕರು ಕೂಡಿದಲ್ಲಿ ಪ್ರತಿಯೊಂದು ಗರ್ಭಕ್ಕೂ ರೋಗದ ಸಂಭವವು ನಾಲ್ಕರಲ್ಲಿ ಒಂದು. ಒಂದು ಕೂಸಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ತಿಳಿಯುವದು ದೊಡ್ಡ ತಪ್ಪು, ಯಾಕಂದರೆ ಚೀಟಿ ಪ್ರತಿಸಾರಿಯೂ ಹೊಸದಾಗಿ ಎತ್ತಲ್ಪಡುತ್ತದೆ. ಸೋದರಮಾವನಲ್ಲಿಯೂ ಅಕ್ಕನ ಮಗಳಲ್ಲಿಯೂ ಸರಾಸರಿ ನಾಲ್ಕರಲ್ಲಿ ಒಂದು ಪಾಲು ಜೀನುಗಳು ಒಂದೇ ಮೂಲದಿಂದ ಬಂದವುಗಳು, ಅತ್ತೆಮಾವಂದಿರ ಮಕ್ಕಳಲ್ಲಿ ಎಂಟರಲ್ಲಿ ಒಂದು ಪಾಲು. ಅಡಗಿದ್ದು ಅಡಗಿದ್ದನ್ನು ಸಂಧಿಸುವ ಸಂಭವವು ಹೆಚ್ಚುವದು ಹೀಗೆ.

ಆದರೆ ಇದನ್ನು ಅಳತೆ ಮೀರಿ ಹೇಳಿ ಹುಡುಗಿಯರನ್ನು ಅಂಜಿಸುವದು ನನಗೆ ಸಮ್ಮತವಲ್ಲ. ಯಾವ ದಂಪತಿಗಳ ಮಕ್ಕಳಲ್ಲಿಯೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೊಂದು ದೊಡ್ಡ ತೊಂದರೆಯಿರುವದುಂಟು. ಅತ್ತೆಮಾವಂದಿರ ಮಕ್ಕಳ ಲಗ್ನದಲ್ಲಿ ಅದು ಸುಮಾರು ಇಮ್ಮಡಿಯಾಗುವದು, ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕೂಸುಗಳು ನೆಟ್ಟಗೇ ಇರುತ್ತವೆ. ಸೋದರಮಾವನ ಲಗ್ನದಲ್ಲಿ ಸಂಭವವು ಇನ್ನೂ ಹೆಚ್ಚು. ಮನೆತನದಲ್ಲಿ ಇಂಥ ಕೂಸು ಮೊದಲೇ ಹುಟ್ಟಿದ್ದರೆ, ಲಗ್ನದ ಮಾತು ಎತ್ತುವ ಮುನ್ನ ವೈದ್ಯರನ್ನು ಕೇಳತಕ್ಕದ್ದು. ಥಲಸ್ಸೇಮಿಯಾದ ವಾಹಕತ್ವವು ರಕ್ತಪರೀಕ್ಷೆಯಿಂದ ತಿಳಿಯುವದು. ಹೊಲ ಹೊರಗೆ ಹೋಗಬಾರದು, ಮಗಳು ಕಣ್ಣೆದುರಿಗಿರಬೇಕು ಎಂಬ ತಾಯಂದಿರ ಮಾತನ್ನು ನಾನು ಹಗುರವಾಗಿ ಎಣಿಸುವವಳಲ್ಲ. ಆ ಮಾತಿನ ಎದುರಿಗೆ ಈ ಲೆಕ್ಕವನ್ನೂ ಇಟ್ಟು ತೂಗಲಿ ಎಂಬಷ್ಟೇ ನನ್ನ ಬಿನ್ನಹ.

ಇಂಥ ಸಂಗತಿಗಳನ್ನು ಹೆಣ್ಣುಮಕ್ಕಳ ಮುಂದೆ ಆಡಬಾರದೆಂದು ಹೇಳುವ ಹಿರಿಯರೂ ಇದ್ದಾರೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಅವರು ಓದಲಿ. ಹುಟ್ಟುಗುರುಡನನ್ನು ಕಂಡು ಶಿಷ್ಯರು ಪಾಪ ಇವನದೋ ಇವನ ತಂದೆತಾಯಿಗಳದೋ ಎಂದು ವಿಚಾರಿಸಿದಾಗ ಕರ್ತನು ಎರಡನ್ನೂ ಅಲ್ಲಗಳೆದನು. ಮೂಕ ಕೂಸನ್ನು ಹಡೆದ ತಾಯಿಯ ಕರ್ಮವನ್ನು ಎಣಿಸುವ ಮನೆಯಲ್ಲಿ ಈ ಶಾಸ್ತ್ರವು ಅದೇ ಕೆಲಸವನ್ನು ಮಾಡುವದು. ಇದೇ ಶಾಸ್ತ್ರದ ಹೆಸರು ಹೇಳಿ 1933ರಲ್ಲಿ ಜರ್ಮನಿಯ ಸರಕಾರವು ವಂಶಪಾರಂಪರ್ಯ ಕುರುಡರಿಗೂ ಕಿವುಡರಿಗೂ ಬಲಾತ್ಕಾರದಿಂದ ಸಂತಾನಹರಣ ಮಾಡುವ ಕಾಯಿದೆಯನ್ನು ತಂದದ್ದುಂಟು. ಮನುಷ್ಯರ ವಿಷಯದಲ್ಲಿ 'ದುರ್ಬಲ'ವೆಂಬ ಶಬ್ದಕ್ಕೆ ನಾನು ಅಂಜುವದಕ್ಕೆ ಇದೂ ಒಂದು ಕಾರಣ.

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರುವೆನು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳು, ಅಂದರೆ 23 ಜೊತೆಗಳಿರುತ್ತವೆ. (1956ರ ವರೆಗೆ ಪುಸ್ತಕಗಳಲ್ಲೆಲ್ಲ 48 ಎಂದೇ ಇತ್ತು. ಪುಸ್ತಕದಲ್ಲಿದ್ದ ಮಾತ್ರಕ್ಕೆ ಸತ್ಯವಲ್ಲವೆಂಬದಕ್ಕೆ ಇದು ಸಾಕು.) ಒಂದು ಜೊತೆಯು ತಾಯಿಯಲ್ಲಿ ಎರಡು ಎಕ್ಸ್ ಆಗಿಯೂ ತಂದೆಯಲ್ಲಿ ಒಂದು ಎಕ್ಸ್ ಒಂದು ವೈ ಆಗಿಯೂ ಇರುವದು. ತಾಯಿಯಿಂದ ಮಗುವಿಗೆ ಎಕ್ಸ್ ಹೊರತು ಬೇರೆ ಬರಲಿಕ್ಕೆ ಶಕ್ಯವಿಲ್ಲ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಈ ಸೂತ್ರವನ್ನು 1905ರಲ್ಲಿ ಕಂಡುಹಿಡಿದವರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೇರಿಕದ ಮಹಿಳೆಯೊಬ್ಬಳು, ಸಂಶೋಧನೆಗೆ ಇಳಿಯುವ ಮುಂಚೆ ಶಾಲಾ ಶಿಕ್ಷಕಿಯಾಗಿದ್ದವಳು. ಹಿಟ್ಟಿನ ಹುಳದ ಹೆಣ್ಣಿನಲ್ಲಿ 20 ದೊಡ್ಡ ವರ್ಣತಂತುಗಳೂ ಗಂಡಿನಲ್ಲಿ 19 ದೊಡ್ಡವೂ ಒಂದು ಚಿಕ್ಕದೂ ಇರುವದನ್ನು ಅವಳು ಸೂಕ್ಷ್ಮದರ್ಶಕದಲ್ಲಿ ಎಣಿಸಿದಳು. ನಮ್ಮವರಲ್ಲಿಯೂ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಅವರು ಮದ್ರಾಸಿನ ಮಹಿಳಾ ಕ್ರೈಸ್ತ ಕಾಲೇಜಿನಲ್ಲಿ ಕಲಿಸಿ, ಪರದೇಶಕ್ಕೆ ಹೋಗಿ ಕಲಿತು ಬಂದು, ಕೊಯಿಮತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳ ಮೇಲೆ ಕೆಲಸ ಮಾಡಿದರು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರುಷದೊಳಗಿನ 1000 ಬಾಲಕರಿಗೆ 948 ಬಾಲಕಿಯರಿದ್ದರು. ಆ ಲೆಕ್ಕದಲ್ಲಿ ಇಲ್ಲದೆ ಹೋದವರ ತಾಯಂದಿರು ಮನೆಯಲ್ಲಿ ಏನೇನು ಮಾತು ಕೇಳಿರಬಹುದು!

ಹಾಗೆಂದು ಬೈಗಳವನ್ನು ತಾಯಿಯಿಂದ ತೆಗೆದು ತಂದೆಯ ಮೇಲೆ ಹೊರಿಸುವದೂ ಅಜ್ಞಾನವೇ, ಯಾಕಂದರೆ ಯಾವುದು ಹೋಗಬೇಕೆಂಬದನ್ನು ಅವನೂ ಆರಿಸಲಾರನು. ಇದನ್ನು ತೋರಿಸುವದಕ್ಕಾಗಿ ಮುಂದಿನ ಪಾಲಕರ ಸಭೆಯಲ್ಲಿ ನಾವು ಮೇಜಿನ ಮೇಲೆ ಎರಡು ಬಟ್ಟಲಗಳನ್ನಿಟ್ಟೆವು. ತಾಯಿಯ ಬಟ್ಟಲದಲ್ಲಿ ಬರೇ ಹುಣಸೆಯ ಬೀಜ. ತಂದೆಯ ಬಟ್ಟಲದಲ್ಲಿ ಹುಣಸೆಯ ಬೀಜವೂ ಕಡಲೆಕಾಳೂ ಸಮಸಮ. ಕಣ್ಣು ಮುಚ್ಚಿ ಒಂದೊಂದರಿಂದ ಒಂದೊಂದನ್ನು ಎತ್ತಬೇಕು, ಎರಡೂ ಹುಣಸೆಯಾದರೆ ಮಗಳು, ಕಡಲೆ ಬಂದರೆ ಮಗನು. ಆ ಹುಡುಗಿಯ ಆಯಿಯೂ ಬಂದಿದ್ದಳು. ಆಕೆ ನಾಲ್ಕು ಸಾರೆ ಎತ್ತಿದಳು, ಮೂರು ಸಾರೆ ಹುಣಸೆಗೆ ಹುಣಸೆಯೇ ಬಂತು. ಆಮೇಲೆ ಬಹಳ ಹೊತ್ತು ಬಟ್ಟಲಗಳನ್ನೇ ನೋಡುತ್ತ ನಿಂತು, "ಬರೇ ಹುಣಸಿ ಬೀಜ ಇದ್ದಾಕಿ ಕಡ್ಲಿ ಎಲ್ಲಿಂದ ತಂದಾಳ್ರಿ?" ಎಂದಳು. ಮನೆಗೆ ಹೋಗಿ ಸೊಸೆಗೆ ಏನೆಂದಳೋ ನಾನು ಕೇಳಲಿಲ್ಲ. ಬಟ್ಟಲಗಳೆರಡೂ ವಿಜ್ಞಾನದ ಕೋಣೆಯ ಕಪಾಟಿನಲ್ಲಿವೆ, ಶಾಲೆಗೆ ಬಂದ ಯಾವ ತಾಯಿಯಾದರೂ ಕೇಳಿದರೆ ವಿಜ್ಞಾನದ ಅಕ್ಕಾವರು ಹೊರಗೆ ತೆಗೆದು ತೋರಿಸುವರು.