ಕಥೊಲಿಕ ಶಾಲೆಗಳ ಸಂಚಾಲಕರಿಗೂ ಹಳೆ ವಿದ್ಯಾರ್ಥಿಗಳಿಗೂ ಒಂದು ಮನವಿ

ಕರಾವಳಿಯ ಕಥೊಲಿಕ ಶಾಲೆಗಳಲ್ಲಿ ಅಕ್ಷರ ಕಲಿತ ಎಲ್ಲ ಜಾತಿ, ಧರ್ಮಗಳ ಬಂಧುಗಳೇ, ಆ ಶಾಲೆಗಳನ್ನು ನಡೆಸುತ್ತಿರುವ ಧರ್ಮಗುರುಗಳೇ, ಸಿಸ್ಟರ್‌ಗಳೇ,

1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದಾಗ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲೇರುವುದೇ ಅಪರೂಪವಾಗಿತ್ತು. 1880ರಲ್ಲಿ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜು ತೆರೆದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಹೆಣ್ಣುಮಕ್ಕಳಿಗಾಗಿಯೇ ಆರಂಭವಾಯಿತು. ಊರೂರಿನ ಇಗರ್ಜಿಗಳ ಪಕ್ಕದಲ್ಲಿ ಕನ್ನಡ ಶಾಲೆಗಳು ಎದ್ದವು. ನಾಲ್ಕು ದಿನ ಮಗು ಶಾಲೆಗೆ ಬಾರದಿದ್ದರೆ ಟೀಚರೇ ಮನೆಗೆ ಹೋಗಿ ವಿಚಾರಿಸುತ್ತಿದ್ದ ಶಾಲೆಗಳವು.

ಯೇಸುಸಭೆ 1599ರಲ್ಲಿ ರೂಪಿಸಿಕೊಂಡ ‘ರಾಶಿಯೊ ಸ್ಟುಡಿಯೋರಂ’ ಎಂಬ ಶಿಕ್ಷಣಕ್ರಮದಲ್ಲಿ ಕಲಿತದ್ದನ್ನು ಮತ್ತೆ ಒಪ್ಪಿಸುವುದಕ್ಕೂ ವಾದ-ಸಂವಾದಕ್ಕೂ ದೊಡ್ಡ ಸ್ಥಾನವಿತ್ತು. ಮಗು ಬಾಯಿಬಿಟ್ಟು ಹೇಳಿದಾಗಲೇ ಅದಕ್ಕೆ ಎಷ್ಟು ಅರ್ಥವಾಗಿದೆ ಎಂದು ಗುರುವಿಗೆ ತಿಳಿಯುವುದು.

ಈಗ ರಾತ್ರಿ ಎಂಟಕ್ಕೆ ವಾಟ್ಸ್ಆ್ಯಪ್ ಗುಂಪಿಗೆ ಹೋಂವರ್ಕ್‌ನ ಫೋಟೊ ಬರುತ್ತದೆ. ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿದೆ, ಅಪ್ಪ ಇನ್ನೂ ಕೆಲಸದಿಂದ ಬಂದಿಲ್ಲ. ಬಂದ ಮೇಲೆ ಮಗು ನಿದ್ದೆಗಣ್ಣಿನಲ್ಲೇ ನೋಡಿ ಬರೆದು, ಫೋಟೊ ತೆಗೆದು ಕಳಿಸುತ್ತದೆ. ಉತ್ತರ ಎಲ್ಲಿಂದ ಬಂತು ಎಂದು ಕೇಳುವವರಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಟ್‌ವರ್ಕಿಗಾಗಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ನೋಡಿತು. ಆ ಪಾಠವನ್ನು ನಾವು ಬೇಗ ಮರೆತೆವು.

ತಂತ್ರಜ್ಞಾನ ಬೇಡವೆಂದು ಯಾರೂ ಹೇಳುತ್ತಿಲ್ಲ. ಹೃದಯದ ಬಡಿತವನ್ನೋ ಗ್ರಹಣವನ್ನೋ ವಿಡಿಯೊದಲ್ಲಿ ಕಂಡ ಮಗುವಿಗೆ ಅದು ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಆದರೆ ಕೃತಕ ಬುದ್ಧಿಮತ್ತೆಯ ಕುರಿತು 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ದಾಖಲೆಯೂ ಶಿಕ್ಷಕರು ಎದುರಿಗಿದ್ದಾಗ ಬೆಳೆಯುವ ಸಂಬಂಧವನ್ನು ಯಂತ್ರ ಕೊಡಲಾರದು ಎಂದೇ ಹೇಳಿದೆ.

ಆದ್ದರಿಂದ ಸಂಚಾಲಕರಲ್ಲಿ ನನ್ನ ವಿನಂತಿ: ಸ್ಮಾರ್ಟ್ ಬೋರ್ಡ್ ಕೊಳ್ಳುವ ಮುನ್ನ ಶಾಲೆಯಲ್ಲಿ ಖಾಲಿ ಬಿದ್ದಿರುವ ಶಿಕ್ಷಕರ ಜಾಗಗಳನ್ನು ಎಣಿಸಿ. ಗೌರವ ಶಿಕ್ಷಕರಿಗೆ ಮರ್ಯಾದೆಯಿಂದ ಬದುಕುವಷ್ಟು ಸಂಬಳ ಕೊಡಿ. ಮನೆಯಲ್ಲಿ ಫೋನಿಲ್ಲದ ಮಕ್ಕಳಿಗಾಗಿ ಸಂಜೆ ಒಂದು ಗಂಟೆ ಕಂಪ್ಯೂಟರ್ ಕೋಣೆ ತೆರೆದಿಡಿ, ಜೊತೆಗೆ ಒಬ್ಬ ಶಿಕ್ಷಕರಿರಲಿ. ಫೋನ್ ಬೇಕೇಬೇಕಾದ ಹೋಂವರ್ಕ್ ಕೊಡಬೇಡಿ.

ಹಳೆ ವಿದ್ಯಾರ್ಥಿಗಳೇ, ವಾರ್ಷಿಕೋತ್ಸವಕ್ಕೆ ಪ್ರೊಜೆಕ್ಟರ್ ಕೊಟ್ಟು ಹೆಸರು ಬರೆಸುವುದು ಸುಲಭ. ಅದರ ಬದಲು ಒಬ್ಬ ಶಿಕ್ಷಕರ ವರ್ಷದ ಸಂಬಳ ಹೊರಿ. ಪೋಷಕರೇ, ಆ್ಯಪ್‌ನಲ್ಲಿ ಅಂಕ ನೋಡಿ ಸುಮ್ಮನಾಗದೆ ಶಾಲೆಗೆ ಬಂದು ಟೀಚರ್ ಜೊತೆ ಮಾತನಾಡಿ.

ಈ ಶಾಲೆಗಳು ಬಡ ಮಕ್ಕಳನ್ನು ಹೆಸರು ಹಿಡಿದು ಕರೆದು ದೊಡ್ಡವಾದವು. ಆ ಮಕ್ಕಳೇ ಹಿಂದೆ ಉಳಿಯುವಂತಾದರೆ ಎಷ್ಟು ಪರದೆ ತಂದರೂ ಪ್ರಯೋಜನವಿಲ್ಲ. ಬರುವ ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಈ ವಿನಂತಿಗಳಲ್ಲಿ ಒಂದನ್ನಾದರೂ ನಿಮ್ಮ ಶಾಲೆಯಲ್ಲಿ ಆರಂಭಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.