ಹಳೆಯ ಮನೆಗೆ ಹೊಸ ಬಾಳು

ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳವೊಂದಿರುತ್ತದೆ. ಅದೇ ತೊಟ್ಟಿ. ಬೆಳಕೂ ಗಾಳಿಯೂ ಮಳೆಯೂ ಅದರ ಮೂಲಕವೇ ಮನೆಯೊಳಕ್ಕೆ ಇಳಿದು ಬರುತ್ತವೆ. ಬಿಸಿಯಾದ ಗಾಳಿಯು ತೊಟ್ಟಿಯಿಂದ ಮೇಲೇರಿ ಹೋದಂತೆ ಸುತ್ತಣ ಪಡಸಾಲೆಗಳು ತಂಪಾಗುತ್ತವೆ.

ಇಂದು ಇಂತಹ ಮನೆಗಳನ್ನು ಕೆಡವುವವರು ಹಲವರು. ದುರಸ್ತಿಯ ಹೆಸರಿನಲ್ಲಿ ಕೆಡಿಸುವವರೂ ಉಂಟು. ಕಳ್ಳರಿಗೆ ಅಂಜಿ ತೊಟ್ಟಿಯ ಮೇಲೆ ಕಾಂಕ್ರೀಟು ಹಾಸಿದರೆ ಹಗಲಿನಲ್ಲಿಯೂ ದೀಪ ಬೇಕಾಗುತ್ತದೆ. ಅಲ್ಲಿಗೆ ಕಬ್ಬಿಣದ ಜಾಲರಿಯೇ ಸಾಕು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವಕ್ಕೆ ಹೊರದಾರಿಯಿಲ್ಲದೆ ಗೋಡೆಯೇ ಸಡಿಲವಾಗುತ್ತದೆ. ಸುಣ್ಣದ ಗಾರೆಯಾದರೋ ತೇವವನ್ನು ಹೀರಿ ಮರಳಿ ಗಾಳಿಗೆ ಬಿಡುತ್ತದೆ.

ಹಾಗೆಂದು ಹೊಸ ಕಾಲದ ಅನುಕೂಲಗಳನ್ನು ದೂರವಿಡಬೇಕಾಗಿಲ್ಲ. ಹೊಗೆಯಿಲ್ಲದ ಅಡುಗೆಮನೆ, ಒಳಗೇ ಶೌಚಾಲಯ, ವಿದ್ಯುತ್ತು ಇಲ್ಲದ ಮನೆಯಲ್ಲಿ ಹೆಂಗಸರೂ ವೃದ್ಧರೂ ಪಡುವ ಪಾಡು ಸಣ್ಣದಲ್ಲ. ಇವನ್ನೆಲ್ಲ ಪಕ್ಕದ ಕೋಣೆಗಳಲ್ಲಿ ಅಳವಡಿಸಬಹುದು. ಹೆಂಚಿನ ಸೂರಿನಿಂದಿಳಿಯುವ ಮಳೆನೀರನ್ನು ಸೋಸಿ ನೆಲದಡಿಯ ಸಂಪಿನಲ್ಲಿ ಕೂಡಿಡಬಹುದು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಳಿವಿನ ಅಂಚಿನಲ್ಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಆ ಸಾಹಸವು ಸ್ತುತ್ಯವಾದುದು. ಆದರೆ ಎಲ್ಲ ಮನೆಗಳೂ ವಸ್ತುಸಂಗ್ರಹಾಲಯವನ್ನು ಸೇರಲಾರವು. ಸಂಸಾರ ನಡೆಯುವ, ಮಕ್ಕಳು ಆಡುವ ಮನೆಯೇ ನಿಜವಾಗಿ ಉಳಿದ ಮನೆ. ಹಿರಿಯರು ಕಟ್ಟಿದ ಗೋಡೆಗಳೊಡನೆ ಅವರು ತೆರೆದಿಟ್ಟ ಆಕಾಶವನ್ನೂ ಉಳಿಸಿಕೊಳ್ಳುವುದು ಅಲ್ಲಿ ಬಾಳುವವರ ಹೊಣೆ.